ಪರಿಭ್ರಮಣ ಘನಾಕೃತಿಗಳ ಘನಫಲ: ಗೋಳಗುಮ್ಮಟದಿಂದ ಜೋಳದ ರಾಶಿವರೆಗೆ

ಸಮತಲ ಆಕೃತಿಯನ್ನು ಒಂದು ಅಕ್ಷದ ಸುತ್ತ ಪೂರ್ತಿ ತಿರುಗಿಸಿದರೆ:

1. ಆಯತ (ಬಾಹುವಿನ ಸುತ್ತ) → ಸಿಲಿಂಡರ್: ಪೈ × ತ್ರಿಜ್ಯ² × ಎತ್ತರ
2. ಲಂಬಕೋನ ತ್ರಿಭುಜ (ಲಂಬ ಬಾಹುವಿನ ಸುತ್ತ) → ಶಂಕು: ಸಿಲಿಂಡರ್‌ನ 1/3
3. ಅರ್ಧವೃತ್ತ (ವ್ಯಾಸದ ಸುತ್ತ) → ಗೋಳ: 4/3 × ಪೈ × ತ್ರಿಜ್ಯ³

ಇಲ್ಲೇ ಎಡವುವುದು: ಅಕ್ಷ ಬದಲಾದರೆ ಉತ್ತರವೂ ಬದಲು. 3, 4, 5 ಸೆಂ.ಮೀ. ತ್ರಿಭುಜವನ್ನು 3ರ ಸುತ್ತ ತಿರುಗಿಸಿದರೆ 16 ಪೈ, 4ರ ಸುತ್ತ 12 ಪೈ. ವಿಕರ್ಣದ ಸುತ್ತ ತಿರುಗಿಸಿದರೆ ಬುಡಕ್ಕೆ ಬುಡ ಕೂಡಿದ ಎರಡು ಶಂಕು, 9.6 ಪೈ ಘನ ಸೆಂ.ಮೀ. ಈ ಮೂರನೆಯದನ್ನು ಬಿಡಿಸಿಯೇ ಮುಂದೆ ಹೋಗಿ.

ಗೋಳಗುಮ್ಮಟ: ವಿಜಯಪುರದಲ್ಲಿರುವ ಮುಹಮ್ಮದ್ ಆದಿಲ್ ಷಾನ ಸಮಾಧಿ, 1656. ಗುಮ್ಮಟದ ಹೊರವ್ಯಾಸ ಸುಮಾರು 44 ಮೀ., ಒಳವ್ಯಾಸ ಸುಮಾರು 38 ಮೀ. ಒಳಗನ್ನು ಅರ್ಧಗೋಳ ಎಂದುಕೊಂಡರೆ ಘನಫಲ ಸುಮಾರು 14,365 ಘನ ಮೀ. ಲೆಕ್ಕಕ್ಕೆ ಒಳವ್ಯಾಸವೇ ಬೇಕು, ಹೊರವ್ಯಾಸವಲ್ಲ.

ಭಾಸ್ಕರಾಚಾರ್ಯ (ಜನನ 1114): ‘ಲೀಲಾವತಿ’ಯಲ್ಲಿ ಶಂಕುವಿನಾಕಾರದ ಧಾನ್ಯರಾಶಿಯ ಲೆಕ್ಕವೇ ಒಂದು ಪ್ರಕರಣ. ಸೂತ್ರ: (ಸುತ್ತಳತೆ ÷ 6)² × ಎತ್ತರ. ಎತ್ತರ ಅಳೆಯುವುದೂ ಬೇಡ: ದಪ್ಪ ಕಾಳಿಗೆ ಸುತ್ತಳತೆಯ 1/10, ಸಣ್ಣ ಕಾಳಿಗೆ 1/11, ಮುಳ್ಳುತೆನೆಯ ಧಾನ್ಯಕ್ಕೆ 1/9. ಎಂಥ ಚೊಕ್ಕ ಸೂತ್ರ! ಟಿಕೋಟಾ, ಬಬಲೇಶ್ವರದ ಕಣದಲ್ಲಿ ಬಿಳಿಜೋಳದ ರಾಶಿಗೆ ಹಗ್ಗ ಸುತ್ತಿ ನೋಡಿ. ಸುತ್ತಳತೆ 13.2 ಮೀ., ಎತ್ತರ 1.32 ಮೀ. ಇದ್ದರೆ ಭಾಸ್ಕರ ಸೂತ್ರದಿಂದ 6.39, ಶಂಕುವಿನ ಸೂತ್ರದಿಂದ 6.10 ಘನ ಮೀ. ವ್ಯತ್ಯಾಸಕ್ಕೆ ಕಾರಣ: ಈ ಸೂತ್ರದಲ್ಲಿ ಪೈ = 3.

ಗಮನಿಸಿ: ಭಾಸ್ಕರಾಚಾರ್ಯರ ಊರು ವಿಜ್ಜಡವಿಡ. ಅದೇ ವಿಜಯಪುರ ಎಂಬ ಅಭಿಪ್ರಾಯವಿದೆ, ಒಮ್ಮತವಿಲ್ಲ.