ಎಣ್ಣೆ ಹೆಪ್ಪುಗಟ್ಟುವುದೇಕೆ?

ಮಾಗಿಯ ಮುಂಜಾವಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬೋರಲು ಹಾಕಿದರೂ ಒಂದು ತೊಟ್ಟು ಬೀಳದಿರುವುದನ್ನೂ, ಪಕ್ಕದ ಕಡಲೆಕಾಯಿ ಎಣ್ಣೆ ಎಂದಿನಂತೆ ಹರಿಯುವುದನ್ನೂ ಕಾಣದ ಗೃಹಿಣಿ ಯಾರು? ಕಾರಣವನ್ನು ಕೇಳಿದರೆ ಮಾತ್ರ ಬಹುಮಂದಿ ಸುಮ್ಮನಾಗುವರು. ಮೇಲ್ತರಗತಿಗಳಲ್ಲಿ ನಾವು ವರ್ಷವರ್ಷವೂ ಹೇಳುವ ಈ ಪಾಠವನ್ನು, ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾಗಿಯೂ ಪೋಷಕರಿಗಾಗಿಯೂ ಇಲ್ಲಿ ಬರೆದಿದ್ದೇವೆ.

ಎಣ್ಣೆ, ತುಪ್ಪ, ಕೊಬ್ಬು ಇವೆಲ್ಲವೂ ಲಿಪಿಡ್ ಎಂಬ ಒಂದೇ ಮನೆತನದವು. ನೀರಿನಲ್ಲಿ ಕರಗದಿರುವುದು ಆ ಮನೆತನದ ಗುಣ. ಇವುಗಳ ಅಣುವಿನಲ್ಲಿ ಒಂದು ಗ್ಲಿಸರಿನ್‌ಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುವುವು. ಕೊಬ್ಬಿನ ಈ ರಚನೆಯ ಶೋಧನೆಗೆ ಫ್ರಾನ್ಸಿನ ಷೆವ್ರಲ್ ಎಂಬ ಪಂಡಿತನು 1823ರಲ್ಲಿ ಪ್ರಕಟಿಸಿದ ಗ್ರಂಥವೇ ತಳಹದಿ.

ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಸರಪಣಿ. ಕೊಬ್ಬರಿ ಎಣ್ಣೆಯ ಸರಪಣಿಗಳು ಬಹುಮಟ್ಟಿಗೆ ನೇರವಾದವು. ನೆಟ್ಟಗಿನ ಸೌದೆಗಳಂತೆ ಒತ್ತಾಗಿ ಕೂಡಿ, ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಾದರೆ ಗಟ್ಟಿಯಾಗುವುವು. ಕಡಲೆಕಾಯಿ ಎಣ್ಣೆಯ ಹೆಚ್ಚಿನ ಸರಪಣಿಗಳಲ್ಲಿ ದ್ವಿಬಂಧವಿದ್ದು, ಅಲ್ಲಿ ಸರಪಣಿ ಬಾಗುವುದು. ಸೊಟ್ಟ ಸೌದೆಗಳು ಒತ್ತಾಗಿ ಕೂಡಲಾರವಷ್ಟೆ! 18 ಇಂಗಾಲಗಳ ನೇರವಾದ ಸ್ಟಿಯರಿಕ್ ಆಮ್ಲವು ಸುಮಾರು 69 ಡಿಗ್ರಿಯಲ್ಲಿ ಕರಗಿದರೆ, ಅಷ್ಟೇ ಇಂಗಾಲಗಳಿದ್ದು ಒಂದು ಬಾಗುಳ್ಳ ಓಲಿಯಿಕ್ ಆಮ್ಲವು ಸುಮಾರು 13 ಡಿಗ್ರಿಯಲ್ಲಿಯೇ ಕರಗುವುದು.

ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನು ಸುತ್ತುವರಿದ ತೆಳುಪೊರೆಯೂ ಮುಖ್ಯವಾಗಿ ಲಿಪಿಡ್‌ಗಳದೇ. ನೇರವಾದವೂ ಬಾಗಿದವೂ ಬೆರೆತಿರುವುದರಿಂದಲೇ ಆ ಪೊರೆ ಮೃದುವಾಗಿ ಬಳುಕುವುದು. ಎ, ಡಿ, ಇ, ಕೆ ಜೀವಸತ್ತ್ವಗಳು ಮೈಗೂಡುವುದಕ್ಕೂ ಜಿಡ್ಡು ಬೇಕು. ಆದುದರಿಂದ ದಪ್ಪವಾಗುವರೆಂಬ ಭಯದಿಂದ ಬೆಳೆಯುವ ಹುಡುಗಿಯರ ತಟ್ಟೆಯಿಂದ ಜಿಡ್ಡನ್ನು ಪೂರ್ತಿಯಾಗಿ ತೆಗೆಯುವುದು ತರವಲ್ಲ.

ಆದರೆ ಮನುಷ್ಯನು ಅನುಕೂಲಕ್ಕಾಗಿ ಈ ಬಾಗನ್ನು ತಿದ್ದಹೊರಟನು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ನಾರ್ಮನ್ ಎಂಬಾತನು ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ಕ್ರಮವನ್ನು ತೋರಿಸಿದನು. ನಾವು ಬಲ್ಲ ವನಸ್ಪತಿ ಆ ಕ್ರಮದಿಂದಲೇ ಬಂದಿತು. ಅಪೂರ್ಣವಾಗಿ ಜಲಜನಕ ಕೂಡಿದಾಗ ಕೆಲವು ದ್ವಿಬಂಧಗಳು ಉಳಿದೂ ಸರಪಣಿ ನೆಟ್ಟಗಾಗಿಬಿಡುವುದು. ಇದೇ ಟ್ರಾನ್ಸ್ ಕೊಬ್ಬು. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ, ಒಳ್ಳೆಯದನ್ನು ಕುಗ್ಗಿಸಿ, ಹೃದಯಕ್ಕೆ ಕೇಡು ತರುವುದು. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಪಾಲನ್ನು ಮೀರಬಾರದೆಂಬ ನಿಯಮವಿದೆ.

ಹಿಂದೆ ನಾವೂ ಹಬ್ಬದ ತಿಂಡಿಗಳನ್ನು ವನಸ್ಪತಿಯಲ್ಲಿ ಕರಿದು ಮಕ್ಕಳಿಗೆ ಅಕ್ಕರೆಯಿಂದ ಬಡಿಸಿದವರೇ. ಅಕ್ಕರೆಗೆ ಕೊರತೆಯಿರಲಿಲ್ಲ, ಅರಿವಿಗೆ ಇತ್ತು. ನಮ್ಮ ಹುಡುಗಿಯರು ಹಾಗಾಗಬಾರದು. ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಿರಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ಬಗೆಬಗೆಯ ಎಣ್ಣೆಗಳನ್ನು ಮಿತವಾಗಿ ಬಳಸಿರಿ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವು ಅಡಿಗೆಮನೆಯಲ್ಲಿ ಉಪಯೋಗಕ್ಕೆ ಬಂದರೆ ನಮ್ಮ ಶ್ರಮ ಸಾರ್ಥಕವೆಂದು ತಿಳಿಯುವೆವು.