ನಾಮಿನಿ ಇಲ್ಲದ 118 ಆಟಗಳು

ಕಳೆದ ಯುಗಾದಿಗೆ ಮುಂಚಿನ ಒಂದು ಭಾನುವಾರ ಮನೆಯ ಲೆಕ್ಕದ ಡೈರಿ ತೆಗೆದು ಕೂತೆ. ಬ್ಯಾಂಕ್ ಖಾತೆ, ಪಿಎಫ್, ಎಲ್‌ಐಸಿ ಬಾಂಡ್, ಎರಡು ಎಸ್‌ಐಪಿ, ಸೊಸೈಟಿಯ ಷೇರು. ಪ್ರತಿಯೊಂದರ ಮುಂದೆ ಅದರ ಸಂಖ್ಯೆ ಮತ್ತು ನಾಮಿನಿಯ ಹೆಸರು. ನನಗೇನಾದರೂ ಆದರೆ ಹೆಂಡತಿ ಕಾಗದ ಹುಡುಕಿಕೊಂಡು ಅಲೆಯಬಾರದೆಂದು ವರ್ಷಕ್ಕೊಮ್ಮೆ ಇದನ್ನು ತಿದ್ದಿ ಬರೆಯುತ್ತೇನೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಕೇಳಿದಳು: “ಅಪ್ಪಾ, ನಿನ್ನ ಗೇಮ್ಸ್ ಎಲ್ಲಿ ಬರ್ದಿದ್ದೀಯ? ಅವೆಲ್ಲ ನಂಗೇ ತಾನೆ?”

ನನ್ನ ಹತ್ತಿರ ಕಂಪ್ಯೂಟರಿಗೆ ಇಳಿಸಿಕೊಂಡು ಆಡುವ 118 ಆಟಗಳಿವೆ. ಹೆಚ್ಚಿನವು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡವು. 2015ರ ನವೆಂಬರ್‌ನಲ್ಲಿ ಸ್ಟೀಮ್ ನಮ್ಮವರಿಗೆ ಡಾಲರ್ ಬದಲು ರೂಪಾಯಿಯಲ್ಲೇ ಬೆಲೆ ತೋರಿಸತೊಡಗಿತು. ನನ್ನ ಖರೀದಿ ಅದರ ಮರುತಿಂಗಳಿಂದ ಶುರು. ಮಗಳು ಕೇಳಿದ್ದಕ್ಕೆ ಅಂದೇ ರಾತ್ರಿ ಇಮೇಲ್‌ನಲ್ಲಿದ್ದ ರಸೀದಿಗಳನ್ನೆಲ್ಲ ಕೂಡಿಸಿದೆ. ಒಟ್ಟು ₹61,400. ಡೈರಿಯಲ್ಲಿ ಒಂದು ಪುಟ ಕೊಡಬೇಕಾದ ಮೊತ್ತವೇ.

ಆದರೆ ಆ ಪುಟ ಬರೆಯಲು ಬರುವುದಿಲ್ಲ. ಸ್ಟೀಮ್‌ನ ಕರಾರಿನಂತೆ ನಾವು ದುಡ್ಡು ಕೊಟ್ಟು ಪಡೆಯುವುದು ಆಡುವ ಪರವಾನಗಿಯನ್ನು ಮಾತ್ರ. ಖಾತೆಯನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕೊಳ್ಳುವುದು ಪರವಾನಗಿ ಮಾತ್ರವೆಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕೆಂದು ಕಾನೂನು ಮಾಡಿತು. ಆಮೇಲೆಯೇ ಸ್ಟೀಮ್‌ನ ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಕಾಣಿಸಿಕೊಂಡಿತು. ಪರವಾನಗಿ ಎಷ್ಟು ತೆಳ್ಳನೆಯದು ಎಂಬುದಕ್ಕೆ 2014ರ ಕಾರ್ ರೇಸಿನ ಆಟ ‘ದಿ ಕ್ರೂ’ ಸಾಕ್ಷಿ. ಅದನ್ನು ಆಡಲು ಸದಾ ಇಂಟರ್ನೆಟ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಪೂರ್ತಿ ಬೆಲೆ ತೆತ್ತವರ ಮನೆಯಲ್ಲೂ ಆಟ ನಿಂತಿತು.

ಹಾಗಾಗಿ ಆ ₹61,400 ಅನ್ನು ಆಸ್ತಿಯ ಕಡೆಯಿಂದ ತೆಗೆದು ಖರ್ಚಿನ ಕಡೆಗೆ ಹಾಕಿದೆ. ಖರ್ಚು ಎಂದ ಮೇಲೆ ಅದನ್ನು ಅಳೆಯುವ ಕೋಲೂ ಬೇರೆ. ಆ ಕೋಲು ನನಗೆ 2003ರಲ್ಲೇ ಸಿಕ್ಕಿತ್ತು. ಆಗ ಮೈಸೂರಿನ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ ₹20 ಕೊಟ್ಟು ನಾಲ್ವರು ಗೆಳೆಯರು ‘ಏಜ್ ಆಫ್ ಎಂಪೈರ್ಸ್ 2’ ಆಡುತ್ತಿದ್ದೆವು. ಜೇಬು ಖಾಲಿಯಾದರೆ ಕಟ್ಟುತ್ತಿದ್ದ ಕೋಟೆಯನ್ನು ಅರ್ಧಕ್ಕೇ ಬಿಟ್ಟು ಏಳಬೇಕು. ಒಂದು ಗಂಟೆಯ ಆಟಕ್ಕೆ ಎಷ್ಟು ಬಿತ್ತು ಎಂಬ ಲೆಕ್ಕ ಆಗಿನಿಂದ ತಲೆಯಲ್ಲಿ ಕೂತಿದೆ. ಸ್ಟೀಮ್ ಪ್ರತಿ ಆಟದ ಗಂಟೆಗಳನ್ನು ತಾನೇ ಬರೆದಿಡುವುದರಿಂದ ಈಗ ಆ ಲೆಕ್ಕ ಸುಲಭ. ಅದೇ ಆಟದ 2019ರ ಹೊಸ ಆವೃತ್ತಿಯನ್ನು ಈವರೆಗೆ 340 ಗಂಟೆ ಆಡಿದ್ದೇನೆ, ಗಂಟೆಗೆ ₹2 ಕೂಡ ಬಿದ್ದಿಲ್ಲ.

ಆದರೂ ನನ್ನ ಸಂಗ್ರಹದಲ್ಲಿ ದುಡ್ಡಿಗೆ ಅತಿ ಹೆಚ್ಚು ಕೊಟ್ಟ ಆಟ ಯಾವುದೆಂದು ಕೇಳಿದರೆ ನಾನು ಹೆಸರಿಸುವುದು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಅನ್ನು. ಲೂಕಸ್ ಪೋಪ್ 2018ರಲ್ಲಿ ಹೊರತಂದ ಈ ಆಟದಲ್ಲಿ ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಇಸವಿ 1807. ಕಾಣೆಯಾಗಿದ್ದ ಹಡಗು ಜನರಿಲ್ಲದೆ ಬಂದರಿಗೆ ತೇಲಿ ಬಂದಿದೆ. ಅದರಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ದಫ್ತರದಲ್ಲಿ ತುಂಬಬೇಕು. ಚಿತ್ರವೆಲ್ಲ ಎರಡೇ ಬಣ್ಣದಲ್ಲಿದೆ. ಒಬ್ಬನ ಉಚ್ಚಾರಣೆ, ಇನ್ನೊಬ್ಬನ ಬೂಟು, ತೂಗುಮಂಚದ ಮೇಲಿನ ಸಂಖ್ಯೆ, ಇಂಥ ಸುಳಿವುಗಳಿಂದ ಮನುಷ್ಯರನ್ನು ಗುರುತು ಹಿಡಿಯಬೇಕು. ನನಗೆ ಹನ್ನೊಂದು ಗಂಟೆ ಹಿಡಿಯಿತು. ಉತ್ತರ ಗೊತ್ತಾದ ಮೇಲೆ ಮತ್ತೆ ಆಡುವಂತಿಲ್ಲ. ಗಂಟೆಯ ಲೆಕ್ಕದಲ್ಲಿ ದುಬಾರಿ. ಆದರೆ ಆ ಹನ್ನೊಂದು ಗಂಟೆ ನನ್ನ ಮನಸ್ಸು ಬೇರೆಲ್ಲೂ ಹೋಗಲಿಲ್ಲ, ಮುಗಿದ ರಾತ್ರಿ ನಿದ್ದೆಯೂ ಹತ್ತಲಿಲ್ಲ.

ನಷ್ಟವಿರುವುದು ಬೇರೆ ಕಡೆ. 118ರಲ್ಲಿ 47 ಆಟಗಳನ್ನು ನಾನು ಒಮ್ಮೆಯೂ ತೆರೆದಿಲ್ಲ. ಅವಕ್ಕೆ ಹೋದದ್ದು ₹17,800. ಬೇಸಿಗೆಯ ಸೇಲ್, ಚಳಿಗಾಲದ ಸೇಲ್, ಶೇ 75 ರಿಯಾಯಿತಿ. ಬಹುತೇಕ ಎಲ್ಲವನ್ನೂ ಹಾಗೇ ಕೊಂಡೆ. ₹2,499ರ ಆಟ ₹624ಕ್ಕೆ ಸಿಕ್ಕಾಗ ₹1,875 ಉಳಿಯಿತೆಂದು ನಂಬಿದ್ದೆ, ಆ ಉಳಿತಾಯ ಯಾವ ಪಾಸ್‌ಬುಕ್ಕಿನಲ್ಲೂ ಕಾಣಿಸಲಿಲ್ಲ. ಇನ್ನೊಂದು ಸೋರಿಕೆ ಜಾಗದ್ದು. ‘ರೆಡ್ ಡೆಡ್ ರಿಡೆಂಪ್ಷನ್ 2’ ಒಂದಕ್ಕೇ 150 ಜಿಬಿ ಬೇಕು. ಅದನ್ನು ಅಗ್ಗಕ್ಕೆ ತಂದು ಹೊಸ ಎಸ್‌ಎಸ್‌ಡಿಗೆ ಅದಕ್ಕಿಂತ ಹೆಚ್ಚು ಸುರಿದೆ.

ಈಗ ನನ್ನ ಪದ್ಧತಿ ಬದಲಾಗಿದೆ. ಇಷ್ಟವಾದದ್ದನ್ನು ವಿಷ್‌ಲಿಸ್ಟಿಗೆ ಹಾಕಿ ಬಿಡುತ್ತೇನೆ, ಆಡಲು ಸಮಯವಿರುವ ವಾರಕ್ಕೆ ಮಾತ್ರ ಕೊಳ್ಳುತ್ತೇನೆ. ಕೊಂಡ ದಿನವೇ ಒಂದೂವರೆ ಗಂಟೆ ಆಡಿ ನೋಡುತ್ತೇನೆ. ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಆರು ತಿಂಗಳು ಬಿಟ್ಟು ತೆರೆದರೆ ಆ ಸೌಲಭ್ಯ ಇರುವುದಿಲ್ಲ. ಮಗಳಿಗಾಗಿ ಬೇರೆ ಖಾತೆ ತೆರೆದು ಸ್ಟೀಮ್‌ನ ಕುಟುಂಬ ಗುಂಪಿಗೆ ಸೇರಿಸಿದ್ದೇನೆ. 2024ರಿಂದ ಆರು ಜನರವರೆಗೆ ಹೀಗೆ ಹಂಚಿಕೊಳ್ಳಬಹುದು. ಒಂದೇ ಪ್ರತಿಯನ್ನು ಇಬ್ಬರು ಒಟ್ಟಿಗೆ ಆಡುವಂತಿಲ್ಲ, ಅಷ್ಟೆ.

ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದು ಆಟವನ್ನು ಎರಡು ಸಲ ಕೊಂಡಿದ್ದೇನೆ. ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬಾತ ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ನಾಲ್ಕು ವರ್ಷಕ್ಕೂ ಮಿಕ್ಕಿ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ್ದು. ಅಜ್ಜ ಬಿಟ್ಟುಹೋದ ಜಮೀನಿಗೆ ಮೊಮ್ಮಗಳೋ ಮೊಮ್ಮಗನೋ ಬಂದು ಕಳೆ ಕಿತ್ತು ಬಿತ್ತನೆ ಮಾಡುವಲ್ಲಿಂದ ಅದು ಶುರುವಾಗುತ್ತದೆ. ಮಗಳೂ ನಾನೂ ಸರದಿಯಲ್ಲಿ ಅದನ್ನು ಆಡಿದ್ದೇವೆ. ಸ್ಟೀಮ್‌ನಲ್ಲಿದ್ದ ಆಟವನ್ನೇ ಪೋಲೆಂಡಿನ ಗಾಗ್ ಎಂಬ ಅಂಗಡಿಯಿಂದ ಮತ್ತೆ ತಂದೆ. ಕರಾರಿನಲ್ಲಿ ಅದೂ ಪರವಾನಗಿಯೇ. ಆದರೆ ಅಲ್ಲಿ ಬೀಗವಿಲ್ಲದ ಇನ್‌ಸ್ಟಾಲರ್ ಫೈಲ್ ಸಿಗುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ, ಖಾತೆ ಬೇಡ, ಅಂಗಡಿ ಮುಚ್ಚಿದರೂ ಆಟ ನಡೆಯುತ್ತದೆ.

ಆ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಮೇಲೆ ಮಗಳ ಹೆಸರು ಬರೆದು, ಬೀರುವಿನಲ್ಲಿ ಡೈರಿಯ ಜೊತೆಗೇ ಇಟ್ಟಿದ್ದೇನೆ.