ಅಳತೆ ಮೊದಲು, ಅಂಗಡಿ ಆಮೇಲೆ

ಹಾಸನ ಸೀಮೆಯವರು ಗಾಲ್ಫ್ ಕಲಿಯಬೇಕೆಂದು ಹೊರಟರೆ ಯಾವ ಕಡೆಯ ಬಸ್ಸು ಹತ್ತಬೇಕು ಅನ್ನುವುದು ಊರಿನಿಂದ ಊರಿಗೆ ಬೇರೆ. ಹಾಸನ ಪಟ್ಟಣದವರಿಗೆ ಚಿಕ್ಕಮಗಳೂರು ಗಾಲ್ಫ್ ಕ್ಲಬ್ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಹೊಳೆನರಸೀಪುರದವರು ಮೈಸೂರಿನತ್ತ ಮುಖ ಮಾಡಿದರೆ ರೇಸ್‌ಕೋರ್ಸ್ ಆವರಣದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಅರಕಲಗೂಡಿನವರಿಗೆ ಕೊಡಗು ಹತ್ತಿರ. ಮಡಿಕೇರಿಯಲ್ಲೊಂದು ಮೈದಾನ, ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ ಇನ್ನೊಂದು. ಚನ್ನರಾಯಪಟ್ಟಣದವರು ಹೆದ್ದಾರಿ ಹಿಡಿದರೆ ನೇರ ಬೆಂಗಳೂರು. ಅಲ್ಲಿ 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬೂ ಇದೆ, ಹಳೇ ವಿಮಾನ ನಿಲ್ದಾಣದ ಕಡೆಗೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನೂ ಇದೆ. ಎಲ್ಲ ಕಡೆಯೂ ಸದಸ್ಯರಲ್ಲದವರನ್ನು ಒಳಗೆ ಬಿಡುತ್ತಾರೆಂದು ಹೇಳಲಾಗದು. ಹೊರಡುವ ಮುನ್ನ ಫೋನ್ ಮಾಡಿ, ಅತಿಥಿಗಳಿಗೆ ಶುಲ್ಕ ಎಷ್ಟು, ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ಯಾವ ಹೊತ್ತಿಗೆ ತೆರೆದಿರುತ್ತದೆ, ಬಾಡಿಗೆಗೆ ಕ್ಲಬ್, ಅಂದರೆ ಆಡುವ ಕೋಲು, ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ಆ ಕೊನೆಯ ಪ್ರಶ್ನೆ ಮುಖ್ಯ. ಹೊಸಬರಲ್ಲಿ ಬಹಳ ಮಂದಿ ಮೈದಾನ ನೋಡುವ ಮೊದಲೇ ಸೆಟ್ ಕೊಂಡುಬಿಡುತ್ತಾರೆ. ಮೊಬೈಲಿನಲ್ಲಿ ಆಫರ್ ಕಂಡಿರುತ್ತದೆ, ಇಲ್ಲವೇ ಡಲ್ಲಾಸಿನಿಂದ ಬರುವ ಭಾವ ತಂದುಕೊಡುತ್ತೇನೆ ಅಂದಿರುತ್ತಾರೆ. ಮೊದಲ ಕೆಲವು ತಿಂಗಳು ಬಾಡಿಗೆ ಕ್ಲಬ್ಬಿನಲ್ಲೇ ಕಳೆಯಿರಿ ಎಂಬುದು ನನ್ನ ಸಲಹೆ. ನಿಮ್ಮ ಬೀಸು ಒಂದು ಹದಕ್ಕೆ ಬರುವವರೆಗೆ ಯಾರು ಅಳತೆ ತೆಗೆದರೂ ಅದು ನಿಲ್ಲುವ ಅಳತೆಯಲ್ಲ.

ಈಗ ಕೋಲುಗಳ ವಿಷಯ. ನಿಯಮದ ಪ್ರಕಾರ ಒಬ್ಬ ಆಟಗಾರ ಒಂದು ಸುತ್ತಿಗೆ ಒಯ್ಯಬಹುದಾದ್ದು 14 ಕ್ಲಬ್. ಹದಿನೈದನೆಯದು ಚೀಲದಲ್ಲಿದ್ದರೆ, ಅದನ್ನು ಮುಟ್ಟದಿದ್ದರೂ ದಂಡ ಬೀಳುತ್ತದೆ. ಆದರೆ 14 ಎಂಬುದು ಗರಿಷ್ಠ ಮಿತಿಯೇ ಹೊರತು ಅಷ್ಟು ಇರಲೇಬೇಕೆಂದಲ್ಲ. ಹೊಸಬರಿಗೆ ಆರೇಳು ಧಾರಾಳ: ದೂರದ ಹೊಡೆತಕ್ಕೆ ಒಂದು ಹೈಬ್ರಿಡ್, ಮಧ್ಯಮ ದೂರಕ್ಕೆ ಮೂರ್ನಾಲ್ಕು ಐರನ್, ಮರಳುಗುಂಡಿಯಿಂದ ಚೆಂಡು ಎತ್ತಲು ಒಂದು ಸ್ಯಾಂಡ್ ವೆಜ್, ಚೆಂಡನ್ನು ಕುಳಿಗೆ ಉರುಳಿಸಲು ಒಂದು ಪಟ್ಟರ್. ಅತಿ ದೂರ ಹೊಡೆಯುವ ದೊಡ್ಡ ತಲೆಯ ಡ್ರೈವರ್ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಕಲಿಯಲು ಕಷ್ಟವಾದದ್ದೂ ಅದೇ, ದುಬಾರಿಯೂ ಅದೇ, ಅದು ಕಾಯಬಹುದು. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಾಗ, ದೂರ ಹೊಡೆಯುವುದರಲ್ಲಿ ಉಳಿದವರಿಗಿಂತ ಬಹಳ ಹಿಂದಿದ್ದರು. ಅವರನ್ನು ಪದಕದ ಹತ್ತಿರಕ್ಕೆ ಒಯ್ದದ್ದು ಹೈಬ್ರಿಡ್ ಹೊಡೆತಗಳು ಮತ್ತು ಪಟ್ಟರ್. ಒಂದೇ ಒಂದು ಹೊಡೆತದಲ್ಲಿ ಪದಕದ ಪ್ಲೇಆಫ್ ತಪ್ಪಿತು.

ಕ್ಲಬ್ಬಿನ ಮೇಲೆ ಕೊರೆದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. 7 ನಂಬರ್ ಐರನ್ ಎಂದರೆ ಇಷ್ಟೇ ಓರೆ ಎಂದು ಯಾವ ಕಾನೂನೂ ಇಲ್ಲ. ಹಳೆಯ ಸೆಟ್ಟುಗಳಲ್ಲಿ ಅದರ ಮುಖ ಸುಮಾರು 34–35 ಡಿಗ್ರಿ ಓರೆಯಾಗಿರುತ್ತಿತ್ತು. ಇವತ್ತಿನ ಅನೇಕ ಮಾಡೆಲ್‌ಗಳಲ್ಲಿ 28–30ಕ್ಕೆ ಇಳಿದಿದೆ. ಓರೆ ಕಡಿಮೆಯಾದಷ್ಟೂ ಚೆಂಡು ತಗ್ಗಿ ದೂರ ಹೋಗುತ್ತದೆ. ಹಾಗಾಗಿ ಅಂಗಡಿಯವರು ‘ಈ ಹೊಸ ಏಳರಲ್ಲಿ ಹತ್ತು ಗಜ ಹೆಚ್ಚು ಬರುತ್ತೆ ಸಾರ್’ ಅಂದರೆ ಸುಳ್ಳಲ್ಲ, ಆದರೆ ನೀವು ಹೊಡೆದದ್ದು ಹಳೆಯ ಆರನ್ನೋ ಐದನ್ನೋ ಆಗಿರಬಹುದು. ಕೊಳ್ಳುವಾಗ ನಂಬರ್ ಬಿಟ್ಟು ಡಿಗ್ರಿ ಕೇಳಿ. ಒಂದು ಕ್ಲಬ್ಬಿಗೂ ಮುಂದಿನದಕ್ಕೂ ನಾಲ್ಕೈದು ಡಿಗ್ರಿ ಅಂತರವಿದ್ದರೆ ದೂರಗಳು ಸರಿಯಾಗಿ ಹಂಚಿಕೊಳ್ಳುತ್ತವೆ.

ಇನ್ನು ಫಿಟ್ಟಿಂಗ್, ಅಂದರೆ ಕ್ಲಬ್ಬನ್ನು ಮೈಗೆ ಹೊಂದಿಸುವುದು. ಹೊಲದ ಕೆಲಸ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಗುದ್ದಲಿಗೆ ಕಾವು ಹಾಕಿಸುವಾಗ ಹಿಡಿಯುವವನ ಎತ್ತರ ನೋಡುತ್ತಾರೆ, ಅಲಗು ಕಾವಿಗೆ ಯಾವ ಕೋನದಲ್ಲಿ ಕೂತಿದೆ ಎಂದೂ ನೋಡುತ್ತಾರೆ. ಕೋನ ತಪ್ಪಿದ ಗುದ್ದಲಿಯಲ್ಲಿ ಎಷ್ಟು ಬಲ ಹಾಕಿದರೂ ಮಣ್ಣು ಸರಿಯಾಗಿ ಏಳುವುದಿಲ್ಲ, ಸೊಂಟ ಮಾತ್ರ ಹಿಡಿದುಕೊಳ್ಳುತ್ತದೆ. ಗಾಲ್ಫಿನಲ್ಲಿ ಆ ಕೋನಕ್ಕೆ ಲೈ ಎನ್ನುತ್ತಾರೆ. ಬಲಗೈ ಆಟಗಾರನ ಕ್ಲಬ್ ತೀರ ನೆಟ್ಟಗಿದ್ದರೆ ತುದಿ ಮೇಲೆದ್ದು ಚೆಂಡು ಎಡಕ್ಕೆ ಓಡುತ್ತದೆ. ತೀರ ಮಲಗಿದ್ದರೆ ಹಿಮ್ಮಡಿ ಮೇಲೆದ್ದು ಬಲಕ್ಕೆ. ಆಟಗಾರ ಪಾಪ ತನ್ನ ಕೈಯದೇ ತಪ್ಪೆಂದು ವರ್ಷಗಟ್ಟಲೆ ಬೀಸು ತಿದ್ದಿಕೊಳ್ಳುತ್ತಿರುತ್ತಾನೆ.

ಈ ಲೈ ಕೋನವನ್ನು ಸಾಮಾನ್ಯ ಆಟಗಾರನ ಲೆಕ್ಕಕ್ಕೆ ತಂದವರು ಅಮೆರಿಕದ ಕಾರ್ಸ್ಟನ್ ಸೋಲ್ಹೈಮ್. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು 1959ರಲ್ಲಿ ಪಿಂಗ್ ಕಂಪನಿ ಕಟ್ಟಿದರು. ಐರನ್‌ಗಳ ಮೇಲೆ ಬಣ್ಣದ ಚುಕ್ಕೆ ಹಾಕಿ, ಕಪ್ಪು ಚುಕ್ಕೆ ಎಂದರೆ ಸಾಮಾನ್ಯ ಕೋನ, ಬೇರೆ ಬಣ್ಣ ಎಂದರೆ ಇಷ್ಟು ನೆಟ್ಟಗೆ ಅಥವಾ ಇಷ್ಟು ಮಲಗಿಸಿ ಎಂಬ ಪದ್ಧತಿ ಅವರ ಕಂಪನಿಯದು. ಸೆಕೆಂಡ್ ಹ್ಯಾಂಡ್ ಪಿಂಗ್ ಸೆಟ್ ಸಿಕ್ಕರೆ ಮೊದಲು ಆ ಚುಕ್ಕೆ ನೋಡಿ. ಅದು ಇನ್ನೊಬ್ಬರ ಮೈಗೆ ಹೊಂದಿಸಿದ್ದು.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಅಳತೆಗಳೂ ಇವೆ. ಆಟದ ಬೂಟು ಹಾಕಿಕೊಂಡು ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಂತು ಕೈ ಸಡಿಲ ಬಿಡಿ. ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಇನ್ನೊಬ್ಬರು ಟೇಪ್ ಹಿಡಿಯಲಿ. 34ರಿಂದ 37 ಇಂಚಿನೊಳಗೆ ಬಂದರೆ ಹೆಚ್ಚಿನ ಕಂಪನಿಗಳ ಸಾಮಾನ್ಯ ಉದ್ದವೇ ಸಾಕು. ಆರಡಿ ಮೀರಿದವರೂ ಉದ್ದ ತೋಳಿನವರಾಗಿದ್ದರೆ ಸಾಮಾನ್ಯ ಉದ್ದದಲ್ಲೇ ಆಡಬಹುದು. ಬರೀ ಎತ್ತರ ಕೇಳಿ ಕ್ಲಬ್ ಕೊಡುವ ಅಂಗಡಿಯವನ ಮಾತಿಗೆ ತಲೆಯಾಡಿಸಬೇಡಿ. ಲೈ ನೋಡಲು ಚೆಂಡಿನ ಮೇಲೆ ಮಾರ್ಕರ್‌ನಲ್ಲಿ ದಪ್ಪ ಗೆರೆ ಎಳೆದು, ಆ ಗೆರೆ ಕ್ಲಬ್ಬಿನ ಕಡೆ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಿರಿ. ಶಾಯಿ ಕ್ಲಬ್ಬಿನ ಮುಖಕ್ಕೆ ಅಂಟುತ್ತದೆ. ಅಂಟಿದ ಗೆರೆ ಲಂಬವಾಗಿದ್ದರೆ ಕೋನ ನಿಮ್ಮದೇ. ವಾಲಿದ್ದರೆ ಫಿಟ್ಟರ್‌ಗೆ ಕೆಲಸವಿದೆ. ಹಿಡಿಕೆಯ ದಪ್ಪಕ್ಕೆ ಎಡಗೈಯಲ್ಲಿ ಹಿಡಿದು ನೋಡಿ. ನಡುವಿನ ಎರಡು ಬೆರಳ ತುದಿ ಹೆಬ್ಬೆರಳ ಬುಡದ ಉಬ್ಬಿಗೆ ಆಗಷ್ಟೇ ತಾಗಬೇಕು. ಒತ್ತಿಕೊಂಡರೆ ಹಿಡಿಕೆ ತೆಳು, ಮುಟ್ಟದೇ ಹೋದರೆ ದಪ್ಪ.

ಶಾಫ್ಟ್, ಅಂದರೆ ಕ್ಲಬ್ಬಿನ ಕಾವು, ಬಳುಕುವ ಪ್ರಮಾಣಕ್ಕೆ ರೆಗ್ಯುಲರ್, ಸ್ಟಿಫ್, ಸೀನಿಯರ್, ಲೇಡೀಸ್ ಎಂದು ಹೆಸರಿಟ್ಟಿದ್ದಾರೆ. ಇದಕ್ಕೂ ಕಂಪನಿಗಳ ನಡುವೆ ಒಪ್ಪಿದ ಮಾನದಂಡವಿಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್ ಆಗಿರಬಹುದು. ಹೆಸರಿನ ಬಿಂಕಕ್ಕೆ ಬಿದ್ದು ಗಟ್ಟಿ ಶಾಫ್ಟ್ ಕೊಳ್ಳುವ ಗಂಡಸರೂ ಇದ್ದಾರೆ, ‘ಲೇಡೀಸ್’ ಎಂದು ಬರೆದದ್ದನ್ನೇ ಕೊಳ್ಳಬೇಕಾದ ಹೆಂಗಸರೂ ಇದ್ದಾರೆ. ಎರಡೂ ಅನಗತ್ಯ. ಬೀಸಿನ ವೇಗ ಅಳೆಯುವ ಲಾಂಚ್ ಮಾನಿಟರ್ ಎಂಬ ಯಂತ್ರ ಬೆಂಗಳೂರಿನ ಫಿಟ್ಟಿಂಗ್ ಕೇಂದ್ರಗಳಲ್ಲಿ ಇರುತ್ತದೆ. ಒಮ್ಮೆ ಹೋಗಿ ಅಳೆಸಿಕೊಂಡು, ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಂಡು ಬನ್ನಿ: ಬೀಸಿನ ವೇಗ, ಉದ್ದ, ಲೈ, ಶಾಫ್ಟಿನ ತೂಕ, ಹಿಡಿಕೆ. ಫಿಟ್ಟಿಂಗಿಗೆ ಪ್ರತ್ಯೇಕ ಶುಲ್ಕ ಕೊಟ್ಟಿದ್ದರೆ ಕೇಳಲು ಸಂಕೋಚ ಬೇಡ, ಆ ಅಂಕಿಗಳು ನಿಮ್ಮವು. ಆ ಚೀಟಿ ಕೈಯಲ್ಲಿದ್ದರೆ ಎಲ್ಲಿ ಬೇಕಾದರೂ ಕೊಳ್ಳಬಹುದು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಅಪ್ಪನ ಹಳೆಯ ಕ್ಲಬ್ಬನ್ನು ಅರ್ಧಕ್ಕೆ ಕೊಯ್ದು ಮಗುವಿನ ಕೈಗೆ ಕೊಡಬೇಡಿ. ಕೊಯ್ದ ಶಾಫ್ಟ್ ಕಬ್ಬಿಣದ ಸಲಾಕೆಯಷ್ಟು ಗಟ್ಟಿಯಾಗುತ್ತದೆ, ತಲೆಯ ತೂಕ ಮಾತ್ರ ದೊಡ್ಡವರದ್ದೇ ಉಳಿಯುತ್ತದೆ. ಮಗು ಅದನ್ನು ಎತ್ತಲು ಮೈ ತಿರುಚುವುದನ್ನು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಜೂನಿಯರ್ ಕ್ಲಬ್ ಮೂರು ಸಾಕು.

ಈಗ ವಾರಂಟಿ. ದುಡ್ಡು ಹೋಗುವ ಜಾಗ ಇದು, ಹಾಗಾಗಿ ನಿಧಾನವಾಗಿ ನೋಡೋಣ.

ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ವಾರಂಟಿ ಕೊಡುತ್ತವೆ. ನಿಖರ ಅವಧಿ ನಿಮ್ಮ ಮಾಡೆಲ್‌ನ ಕಾರ್ಡಿನಲ್ಲಿ ಇರುತ್ತದೆ. ಇದರಲ್ಲಿ ಮೂರು ಷರತ್ತು ಬಹುತೇಕ ಎಲ್ಲ ಕಡೆ ಒಂದೇ: ಮೊದಲ ಖರೀದಿದಾರರಿಗೆ ಮಾತ್ರ, ಕಂಪನಿ ಒಪ್ಪಿದ ಡೀಲರ್‌ನಿಂದ ಕೊಂಡಿದ್ದರೆ ಮಾತ್ರ, ಬಿಲ್ ಇದ್ದರೆ ಮಾತ್ರ. ಅಂದರೆ ಸೆಕೆಂಡ್ ಹ್ಯಾಂಡ್ ಸೆಟ್ಟಿಗೆ ವಾರಂಟಿ ಇಲ್ಲವೆಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಭಾವ ಅಮೆರಿಕದಿಂದ ತಂದ ಸೆಟ್ಟಿನ ಕತೆಯೂ ಹೆಚ್ಚುಕಡಿಮೆ ಇದೇ. ಅದನ್ನು ಕೊಂಡವರು ಅವರು, ಕೊಂಡದ್ದು ಬೇರೆ ದೇಶದಲ್ಲಿ. ಇಲ್ಲಿನ ವಿತರಕರು ‘ಕೊಂಡಲ್ಲಿಗೇ ಕಳುಹಿಸಿ’ ಅನ್ನಬಹುದು. ಉಡುಗೊರೆಯನ್ನು ಬೇಡವೆನ್ನಲಾಗದು; ಆದರೆ ತರುವ ಮುನ್ನ ನಿಮ್ಮ ಅಳತೆಯ ಚೀಟಿಯನ್ನು ವಾಟ್ಸಾಪ್ ಮಾಡಿ, ಬಿಲ್ಲಿನ ಪ್ರತಿಯನ್ನೂ ತರಿಸಿಕೊಳ್ಳಿ. ಅಲ್ಲಿ ಸಿಗುವ ಬೆಲೆಯ ಉಳಿತಾಯ ಒಂದು ಡ್ರೈವರ್ ಸೀಳುವವರೆಗೆ ಮಾತ್ರ.

ಏನು ಒಪ್ಪುತ್ತಾರೆ, ಏನು ಒಪ್ಪುವುದಿಲ್ಲ? ಸರಿಯಾಗಿ ಆಡುತ್ತಿರುವಾಗ ಡ್ರೈವರ್ ಮುಖ ಬಿರುಕುಬಿಟ್ಟರೆ, ತಲೆ ಶಾಫ್ಟಿನಿಂದ ಕಳಚಿ ಹಾರಿದರೆ, ಬೆಸುಗೆ ಬಿಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹಿಡಿಕೆ ಸವೆದದ್ದು, ಬಣ್ಣ ಹೋದದ್ದು, ಚೆಂಡು ಮೇಲ್ಭಾಗಕ್ಕೆ ತಗುಲಿ ತಗ್ಗು ಬಿದ್ದದ್ದು ಸೇರುವುದಿಲ್ಲ. ಸಿಟ್ಟಿನಲ್ಲಿ ಮರಕ್ಕೆ ಬಡಿದದ್ದಂತೂ ಇಲ್ಲವೇ ಇಲ್ಲ. ಮುರಿದ ಜಾಗ ನೋಡಿದರೆ ಅವರಿಗೆ ಗೊತ್ತಾಗುತ್ತದೆ.

ನಮ್ಮ ಕಡೆಯ ಅಪಾಯಗಳು ಬೇರೆ. ಮೈದಾನ ದೂರ, ಹಾಗಾಗಿ ಆಲೂಗಡ್ಡೆ ಕಿತ್ತ ಹೊಲದಲ್ಲೋ ರಾಗಿ ಕೊಯ್ದ ಕೂಳೆಯಲ್ಲೋ ಅಭ್ಯಾಸ ಮಾಡುವ ಆಸೆ ಬರುತ್ತದೆ. ಮಣ್ಣಿನಡಿಯ ಒಂದು ಬೆಣಚುಕಲ್ಲು ಐರನ್ನಿನ ಅಂಚು ಮುರಿಯಲು ಸಾಕು. ಅದು ತಯಾರಿಕೆಯ ದೋಷವಲ್ಲ. ಹೊಲದಲ್ಲೇ ಆಡುವುದಾದರೆ ಒಂದು ಮ್ಯಾಟ್ ಹಾಸಿ, ಹಳೆಯ ಕ್ಲಬ್ ಬಳಸಿ. ಬೇಸಿಗೆಯಲ್ಲಿ ಕ್ಲಬ್ಬುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟಿರಬೇಡಿ: ತಲೆಯನ್ನು ಶಾಫ್ಟಿಗೆ ಹಿಡಿದಿರುವ ಎಪಾಕ್ಸಿ ಅಂಟು ಮತ್ತೆ ಮತ್ತೆ ಕಾದರೆ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಒದ್ದೆ ಕ್ಲಬ್ಬಿಗೆ ಹೊದಿಕೆ ಹಾಕಿ ಇಟ್ಟರೆ ಕಾರ್ಬನ್ ಸ್ಟೀಲಿನ ವೆಜ್ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿಗೂ ವಾರಂಟಿ ಇಲ್ಲ. ತಲೆ ಬಿಚ್ಚಿ ಕೋನ ಬದಲಿಸುವ ಡ್ರೈವರ್‌ಗಳ ಜೊತೆ ಒಂದು ವಿಶೇಷ ಸ್ಪ್ಯಾನರ್ ಬರುತ್ತದೆ. ಸಾಕಷ್ಟು ಬಿಗಿಯಾದಾಗ ಅದು ಕ್ಲಿಕ್ ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಿ. ಗ್ಯಾರೇಜಿನ ಅಲೆನ್ ಕೀ ಹಾಕಿ ಬಿಗಿದು ಸ್ಕ್ರೂ ಮುರಿದರೆ ಯಾರೂ ಹೊಣೆಯಲ್ಲ.

ಫಿಟ್ಟಿಂಗಿಗೂ ವಾರಂಟಿಗೂ ನಡುವೆ ಒಂದು ತೊಡಕಿದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ. ಕೊಂಡ ಮೇಲೆ ಬೇರೆಯವರಿಂದ ಶಾಫ್ಟ್ ಬದಲಿಸಿದರೆ, ಉದ್ದ ಕತ್ತರಿಸಿದರೆ, ಲೈ ಬಗ್ಗಿಸಿದರೆ ಅನೇಕ ಕಂಪನಿಗಳು ಆ ಭಾಗದ ಹೊಣೆ ಬಿಟ್ಟುಬಿಡುತ್ತವೆ. ಬಡಿದು ಮಾಡಿದ ಮೆದು ಉಕ್ಕಿನ ಐರನ್ ಎರಡು ಡಿಗ್ರಿ ಬಗ್ಗಿಸಿದರೆ ಸಹಿಸುತ್ತದೆ. ಎರಕದ ಗಡಸು ಸ್ಟೇನ್‌ಲೆಸ್ ಸ್ಟೀಲ್, ತಲೆ ಶಾಫ್ಟಿಗೆ ಸೇರುವ ಕತ್ತಿನಲ್ಲಿ ಬಿರುಕುಬಿಡಬಹುದು. ಆದ್ದರಿಂದ ಅಳತೆ ಕೊಟ್ಟು ಕಂಪನಿಯಿಂದಲೇ ಹಾಗೆ ಮಾಡಿಸಿ ತರಿಸುವುದು ಒಳ್ಳೆಯದು. ಹಾಗೆ ಮಾಡಿಸಿದ್ದನ್ನು ಇಷ್ಟವಾಗಲಿಲ್ಲವೆಂದು ವಾಪಸ್ ಕೊಡಲು ಸಾಮಾನ್ಯವಾಗಿ ಬರುವುದಿಲ್ಲ. ಬೀಸು ಹದಕ್ಕೆ ಬರಲಿ ಎಂದು ಮೊದಲು ಹೇಳಿದ್ದು ಇದಕ್ಕೇ.

ನಕಲಿ ಮಾಲಿನ ಕಾಟವೂ ಇದೆ. ನಂಬಲಾಗದ ಬೆಲೆಯೇ ಮೊದಲ ಸುಳಿವು. ಆಮದು ಮಾಡಿದ ಪೊಟ್ಟಣದ ಮೇಲೆ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಎಂಬ ವಿವರ ನಮ್ಮ ಕಾನೂನಿನಂತೆ ಇರಲೇಬೇಕು. ಆ ಚೀಟಿ ಇಲ್ಲದಿದ್ದರೆ ಮಾಲು ನಕಲಿ, ಇಲ್ಲವೇ ಅಡ್ಡದಾರಿಯಲ್ಲಿ ಬಂದದ್ದು. ಕತ್ತಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಗೆ ಇಮೇಲ್ ಮಾಡಿ ಕೇಳಿದರೆ ಎಷ್ಟೋ ಸಲ ಉತ್ತರ ಬರುತ್ತದೆ.

ಕ್ಲಬ್ ಕೆಟ್ಟರೆ ಅದನ್ನು ಅಂಟಿಸಲು, ಬಿಚ್ಚಲು ಹೋಗಬೇಡಿ. ಮುರಿದ ಜಾಗ, ಸೀರಿಯಲ್ ನಂಬರ್, ಬಿಲ್ ಮೂರರ ಫೋಟೊ ತೆಗೆದು ಡೀಲರ್‌ಗೆ ಲಿಖಿತವಾಗಿ ಕಳುಹಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ವಾರಂಟಿ ಕಾರ್ಡಿನ ಷರತ್ತು ಏನೇ ಇರಲಿ, ದೋಷಯುಕ್ತ ಮಾಲಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಹಕ್ಕು ನಿಮಗೆ ಪ್ರತ್ಯೇಕವಾಗಿ ಇದೆ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಎಷ್ಟೋ ದೂರುಗಳು ಅಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗವಿದೆ. ಬೆಂಗಳೂರಿನಲ್ಲೋ ಆನ್‌ಲೈನಿನಲ್ಲೋ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅರಕಲಗೂಡಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು, ಅದರ ಜೊತೆ ಬಿಲ್ಲಿನ ಪ್ರತಿ ಇಡಿ.